ಕೂದಲಿನವನು ಹಿಡಿದ ಕೈಗಳು

ತವಮಣಿ ರಾಶಿಯಿಂದ ಇನ್ನೊಂದು ಹಿಡಿ ಎಲೆ ಎಳೆದುಕೊಂಡಳು. ಬಲಿತ ಎಲೆ ಎಡಕ್ಕೆ, ಎಳೆ ಕುಡಿ ಬಲಕ್ಕೆ. ಬೆರಳುಗಳು ತಾವಾಗಿಯೇ ಕೆಲಸ ಮಾಡುತ್ತಿದ್ದವು. ಕಿವಿ ಮಾತ್ರ ಪಕ್ಕದ ಗೊಬ್ಬರದ ಕೋಣೆಯ ಕಡೆಗಿತ್ತು. ಅಲ್ಲಿಂದ ಆಗೊಮ್ಮೆ ಈಗೊಮ್ಮೆ ಕೆಮ್ಮು ಕೇಳುತ್ತಿತ್ತು.

ಬೆಳಿಗ್ಗೆ ಕಿರುಚಿದ್ದು ಅವಳೇ. ಚಹಾ ಗಿಡಗಳ ಸಾಲಿನ ನಡುವೆ ಒಬ್ಬ ಎದ್ದು ನಿಂತಿದ್ದ. ಅರ್ಧ ಮುಖ ಸುಟ್ಟು ಮುದುರಿದೆ, ತೋಳು ಎದೆಯೆಲ್ಲ ಕರ್ರಗೆ ಜಿಡ್ಡು. ಒಂದು ತಿಂಗಳಿಂದ ಎಲ್ಲ ತೋಟಗಳಲ್ಲೂ ಅದೇ ಸುದ್ದಿ: ಮೈಗೆಲ್ಲ ಗ್ರೀಸು ಬಳಿದುಕೊಂಡ ದೆವ್ವವೊಂದು ಹೆಂಗಸರ ಮೇಲೆ ಬಿದ್ದು ಪರಚುತ್ತದೆ, ಹಿಡಿದರೆ ಜಾರಿಹೋಗುತ್ತದೆ. "ಗ್ರೀಸ್ ದೆವ್ವ!" ಎಂದು ತವಮಣಿ ಕೂಗಿದ್ದೇ ತಡ, ಅವಳ ಗಂಡ ಯೋಗನ್ ಮತ್ತು ಉಳಿದ ಗಂಡಸರು ಓಡಿ ಬಂದು ಅವನನ್ನು ಕೆಡವಿದರು. ಅವನು ಜಾರಿಹೋಗಲಿಲ್ಲ. ಎಳೆದುಕೊಂಡು ಹೋಗುವಾಗ ಅವಳ ಪಕ್ಕದಲ್ಲೇ ಹಾದುಹೋದ. ಆಗ ಅವಳ ಮೂಗಿಗೆ ಬಂದದ್ದು ಗ್ರೀಸಿನ ವಾಸನೆಯಲ್ಲ. ಕೆಳಗಿನ ಸಿಂಹಳ ಊರಿನ ವೈದ್ಯರು ತುರಿಕೆಗೆ ಕೊಡುವ ಎಣ್ಣೆಯದು. ಅವಳ ಅವ್ವ ಸಾಯುವ ತನಕ ಅದನ್ನೇ ಹಚ್ಚಿಕೊಳ್ಳುತ್ತಿದ್ದಳು.

ಇವನು ದೆವ್ವವಲ್ಲ ಎಂದು ಗೊತ್ತಾಯಿತು. ಆದರೂ ಹೇಳಲು ಬಾಯಿ ಬರಲಿಲ್ಲ. ಕೂಗಿದವಳೇ ಈಗ ಅಲ್ಲ ಅಂದರೆ ಏನಂತಾರೆ?

ಅಷ್ಟರಲ್ಲಿ ಲಾರಿ ಬರುವ ದಾರಿಗೆ ಮರ ಬಿತ್ತು. ದಾರಿ ಬಿಡಿಸದಿದ್ದರೆ ಇಡೀ ದಿನದ ಎಲೆ ಕೊಳೆಯುತ್ತದೆಂದು ತೋಟದ ಮೇಸ್ತ್ರಿ, ಕಂಗಾಣಿ, ಗಂಡಸರನ್ನೆಲ್ಲ ಅತ್ತ ಅಟ್ಟಿದ. ಯೋಗನ್ ಕೋಣೆಗೆ ಬೀಗ ಹಾಕಿ, "ಪೊಲೀಸರಿಗೆ ಕೊಟ್ರೆ ನಾಳೆ ಬಿಟ್ಬಿಡ್ತಾರೆ. ಸಂಜೆ ಬಂದು ನಾವೇ ನೋಡ್ಕೋತೀವಿ" ಎಂದು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ. ಮಳೆ ಜೋರಾಯಿತು. ಹೆಂಗಸರೆಲ್ಲ ಎಲೆ ತೂಗುವ ಕೊಟ್ಟಿಗೆಯಲ್ಲಿ ಸೇರಿದರು.

"ನಾನಂತೂ ಎರಡೇಟು ಹಾಕೇ ಹಾಕ್ತೀನಪ್ಪ" ಎಂದಳು ಸ್ಟೆಲ್ಲಾ. "ಆ ಮೂತಿ ನೋಡಿದ್ರೇ ಗೊತ್ತಾಗಲ್ವಾ? ಒಳ್ಳೇವ್ನಿಗೆ ದೇವರು ಅಂಥ ಮುಖ ಕೊಡ್ತಾನಾ?"

"ನಿನ್ನ ಗಂಡನ ಮುಖ ನೋಡಿಯೂ ನೀನು ಹಂಗೇ ಅಂದಿದ್ರೆ ಇನ್ನೂ ಕನ್ಯೆಯಾಗಿ ಇರ್ತಿದ್ದೆ ಕಣೇ" ಎಂದಳು ಮೂಲೆಯಲ್ಲಿ ಗೋಣಿ ಹೊದ್ದು ಕೂತಿದ್ದ ಅಜ್ಜಿ, ರಾಕ್ಕಮ್ಮ ಪಾಟಿ. ಎಲ್ಲರೂ ನಕ್ಕರು. ಪಾಟಿ ನಗಲಿಲ್ಲ. ಬೆಲ್ಲದ ತುಂಡು ದವಡೆಗೆ ಒತ್ತಿಕೊಂಡು ಕಪ್ಪು ಚಹಾ ಒಂದು ಗುಟುಕು ಕುಡಿದಳು.

"ಹೊಡೀರಿ. ಯಾರು ಬೇಡ ಅಂದ್ರು? ಆದ್ರೆ ಅದಕ್ಕೆ ಮುಂಚೆ ಒಂದು ಮಾತು ಕೇಳ್ಕೊಳ್ಳಿ... ಕೈ ನಿಲ್ಲಿಸ್ಬೇಡಿ, ಎಲೆ ಆರಿಸ್ತಾನೇ ಕೇಳಿ.

"ಕೆಳಗೆ ಅಣೆಕಟ್ಟು ಕಟ್ತಾ ಇದ್ರಲ್ಲ, ಆವಾಗಿನ ಮಾತು. ನಾನು ಮದುವೆಯಾಗಿ ಈ ತೋಟಕ್ಕೆ ಬಂದು ಎಂಟು ತಿಂಗಳು. ಗೋಡೆ ಎಷ್ಟು ಕಟ್ಟಿದ್ರೂ ನಿಲ್ತಾ ಇಲ್ವಂತೆ, ನೀರು ತಲೆ ಕೇಳ್ತಾ ಇದೆಯಂತೆ, ಅದೂ ಮಕ್ಕಳ ತಲೆ, ಅದಕ್ಕೇ ಗೋಣಿ ಹೊತ್ಕೊಂಡು ಆಳುಗಳು ತೋಟ ತೋಟ ತಿರುಗ್ತಾ ಇದಾರಂತೆ... ಯಾರು ನೋಡಿದ್ರು? ಯಾರೂ ಇಲ್ಲ. ಯಾರು ನಂಬಿದ್ರು? ಎಲ್ಲರೂ. ಇವತ್ತು ನೀವು ನಂಬಿಲ್ವಾ, ಹಂಗೇ.

"ಒಂದು ಮಧ್ಯಾಹ್ನ ಹಿಂಗೇ ಮಳೆ ಬಿದ್ದು ನಿಂತಿತ್ತು. ನಾವು ಕೂಲಿಗಳು ಇರೋ ಲೈನ್ ಮನೆ ಹಿಂದೆ ಒಬ್ಬ ಬಂದ. ಸಿಡುಬಿನ ಮುಖ, ಒಂದು ಕಣ್ಣು ಆಕಾಶಕ್ಕೆ, ಒಂದು ನೆಲಕ್ಕೆ, ಬೆನ್ನ ಮೇಲೆ ಗೋಣಿ. 'ಕೂದಲಿದ್ಯಾ ಅಮ್ಮಾ... ಕೂದಲು...' ಅಂತ ಕೂಗ್ತಾ ಬಂದ. ಉದುರಿದ ಕೂದಲು ಕೊಂಡು ರಿಬ್ಬನ್ನು, ಹೇರ್‌ಪಿನ್ನು ಕೊಡೋನು ಕಣ್ರೇ, ಪಾಪ. ನಮಗೇನು ಗೊತ್ತು? ನಮ್ಮ ಕಡೆಗೆ ಅಂಥವರು ಯಾರೂ ಬಂದಿರ್ಲಿಲ್ಲ. ಅವತ್ತೇ ಒಂದು ಮಗು ಬೇರೆ ಕಾಣ್ತಾ ಇರ್ಲಿಲ್ಲ. ಆ ಗೋಣಿಯ ಬಾಯಿಂದ... ಒಂದು ಉದ್ದನೆಯ ಜಡೆ ಹೊರಗೆ ಜೋತಾಡ್ತಾ ಇತ್ತು.

"'ತಲೆ! ಗೋಣೀಲಿ ತಲೆ ಐತೆ!' ಅಂತ ಒಬ್ಬಳು ಕೂಗಿದ್ಲು."

ತವಮಣಿಯ ಕೈ ನಿಂತಿತು.

"ಗಂಡಸರು ಬರೋವರೆಗೂ ಯಾರು ಕಾಯ್ತಾರೆ? ಗಿಡ ಸವರೋ ಕತ್ತಿ, ಸೌದೆ, ಕಲ್ಲು... ಕೈಗೆ ಏನು ಸಿಕ್ತೋ ಅದು. ಅವನು ಓಡ್ಲಿಲ್ಲ ಕಣ್ರೇ, ಅದೇ ಕರುಳು ಹಿಂಡೋದು. ಮಣ್ಣಲ್ಲಿ ಮೊಣಕಾಲೂರಿ, ಹೊಡೀತಾ ಇದ್ದ ಕೈಗಳನ್ನೇ ಒಂದೊಂದಾಗಿ ಹಿಡ್ಕೊಂಡು ಗೋಣಿ ಕಡೆಗೆ ಎಳೆದ, 'ನೋಡಿ ಅಮ್ಮಾ, ಒಂದ್ಸಲ ಬಿಚ್ಚಿ ನೋಡಿ' ಅಂತ. ಬಿಚ್ಚಿ ನೋಡೋಕೆ ಎಷ್ಟು ಹೊತ್ತು ಬೇಕಿತ್ತು ಹೇಳಿ? ಒಂದು ಗಂಟು ಬಿಚ್ಚೋ ಅಷ್ಟು... ಅವನ ಉಸಿರು ನಿಂತ ಮೇಲೆ ಬಿಚ್ಚಿದ್ವಿ. ಕೂದಲು. ಬರೀ ಕೂದಲು, ಕೆಂಪು ರಿಬ್ಬನ್ನು. ಮಗು? ಮಂಚದ ಕೆಳಗೆ ಮಲಗಿ ನಿದ್ದೆ ಹೋಗಿತ್ತು.

"ಹೂತ್ವಿ. ಯಾರೂ ಬಾಯಿ ಬಿಡಲ್ಲ ಅಂತ ಮಾರಿಯಮ್ಮನ ಮೇಲೆ ಆಣೆ ಮಾಡಿದ್ವಿ. ಅವನು ಕೈ ಹಿಡಿದಿದ್ದು ನಾಲ್ಕು ಜನರದ್ದು. ಮಾರನೇ ದಿನ ಎಲೆ ಕಿತ್ವಿ, ಸಂಜೆ ನೋಡಿದ್ರೆ ಎಲ್ಲರ ಬೆರಳೂ ಚಹಾ ರಸಕ್ಕೆ ಕಪ್ಪಾಗಿದೆ, ನಾಲ್ವರದ್ದು ಇಲ್ಲ. ತೊಳೆದಿಟ್ಟ ಹಾಗೆ ಬಿಳೀ. ಮರುದಿನವೂ ಹಂಗೇ, ವರ್ಷ ಕಳೆದ್ರೂ ಹಂಗೇ. ಬೇರೆಯವರಿಗೆ ಕಪ್ಪು ಹೋಗ್ಲಿ ಅಂತ ಉಜ್ಜೋ ಚಿಂತೆ, ಆ ನಾಲ್ವರಿಗೆ ಒಂದು ಚುಕ್ಕಿಯಾದ್ರೂ ಅಂಟ್ಲಿ ಅಂತ ಅಳೋ ಚಿಂತೆ. ಆಮೇಲೆ ಕೂಗು ಶುರುವಾಯ್ತು. ಮಳೆ ನಿಂತ ತಕ್ಷಣ, ಗಿಡಗಳ ಮಧ್ಯದಿಂದ... 'ಕೂದಲಿದ್ಯಾ ಅಮ್ಮಾ...' ಬೇರೆ ಯಾರಿಗೂ ಕೇಳ್ತಾ ಇರ್ಲಿಲ್ಲ. ಆ ನಾಲ್ವರಿಗೆ ಮಾತ್ರ. ಬಂದು ಬಾಗಿಲಲ್ಲಿ ನಿಲ್ತಾನೆ, ಬೈಯೋದಿಲ್ಲ, ಹೆದರಿಸೋದಿಲ್ಲ, ಸುಮ್ನೆ ಕೈ ಚಾಚ್ತಾನೆ. ಒಬ್ಬಳು ತಡೀಲಾರದೆ ಎದ್ದು ಕೈ ಕೊಟ್ಲು. ಬೆಳಿಗ್ಗೆ ಅವಳು ಗಿಡಗಳ ಸಾಲಲ್ಲಿ ತಣ್ಣಗೆ ಮಲಗಿದ್ಲು. ಆಮೇಲೆ ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು..."

"ನಾಲ್ಕನೆಯವಳು?" ಸ್ಟೆಲ್ಲಾಳ ದನಿ ಈಗ ಸಣ್ಣದಾಗಿತ್ತು.

ಪಾಟಿ ಗೋಣಿಯೊಳಗಿನಿಂದ ಎರಡೂ ಕೈ ಹೊರಗೆ ತೆಗೆದು ಮಡಿಲ ಮೇಲೆ ಇಟ್ಟಳು. ಬೆಳಿಗ್ಗೆಯಿಂದ ಎಲ್ಲರ ಜೊತೆ ಎಲೆ ಆರಿಸಿದ ಕೈ. ಬೇಯಿಸಿದ ಮರಗೆಣಸಿನ ಹಾಗೆ ಬೆಳ್ಳಗಿದ್ದವು.

"ತೊನ್ನು ಅಂದ್ಕೊಂಡಿದ್ರಿ. ನಾನು ಮುಟ್ಟಿದ ಲೋಟದಲ್ಲಿ ನೀವು ಯಾರೂ ಚಹಾ ಕುಡಿಯಲ್ಲ, ನಂಗೊತ್ತಿಲ್ವಾ? ನೋಡಿದ್ದಷ್ಟೇ ನಿಜ ಅಂದ್ಕೊಳ್ಳೋದು ಮನುಷ್ಯ ಜಾತಿಗೇ ಅಂಟಿದ ರೋಗ, ಬಿಡಿ." ಪಾಟಿ ಕಿವಿಗೊಟ್ಟಳು. ತಗಡಿನ ಮೇಲೆ ಮಳೆ ಸಡಿಲವಾಗುತ್ತಿತ್ತು. "ಇಷ್ಟು ವರ್ಷ ಆ ಕೂದಲಿನವನು ನಂಗೊಬ್ಬಳಿಗೇ ಕೈ ಚಾಚ್ತಾ ಇದ್ದ. ಇವತ್ತು ಬೆಳಿಗ್ಗೆಯಿಂದ ನನ್ನ ಕಡೆ ತಿರುಗಿಯೂ ನೋಡಿಲ್ಲ. ಆ ಗೊಬ್ಬರದ ಕೋಣೆ ಬಾಗಿಲಿಗೆ ಒರಗಿ ನಿಂತಿದಾನೆ... ನಿಮ್ಮ ಕೈಗಳನ್ನ ಎಣಿಸ್ತಾ ಇದಾನೆ."

ಯಾರೂ ಆ ಬಾಗಿಲಿನ ಕಡೆ ನೋಡಲಿಲ್ಲ.

ತವಮಣಿ ಸೀರೆಗಂಟಿದ ಎಲೆ ಕೊಡವಿ ಎದ್ದಳು. "ಹೊರಗೆ ಹೋಗಿ ಬರ್ತೀನಿ."

"ಈಗ್ಲೇ? ಒಬ್ಬಳೇನಾ?" ಎಂದಳು ಸ್ಟೆಲ್ಲಾ.

"ಹೊಟ್ಟೆ ಕೆಟ್ಟಿದೆ ಕಣೇ. ನೀನು ಬಂದು ಚೊಂಬು ಹಿಡ್ಕೋತೀಯಾ?"

ಕೋಣೆಯ ಹಿಂಬಾಗಿಲು ಕಣಿವೆಯ ಕಡೆಗಿತ್ತು. ಅದಕ್ಕೆ ಬೀಗವಿಲ್ಲ, ಹೊರಗಿನಿಂದ ಕಬ್ಬಿಣದ ಅಗುಳಿ ಮಾತ್ರ. ತುಕ್ಕು ಹಿಡಿದದ್ದು ಸದ್ದು ಮಾಡದಂತೆ ಅವಳು ಅದನ್ನು ಇಂಚಿಂಚಾಗಿ ಸರಿಸಿದಳು. ಒಳಗೆ ಮೂಟೆಗಳ ನಡುವೆ ಅವನು ಕೈಯಿಂದ ತಲೆ ಮುಚ್ಚಿಕೊಂಡ.

"ಹೊಡೀಬೇಡಿ ಅಕ್ಕಾ. ವೈದ್ಯರ ಹತ್ರ ಹೋಗಿ ಬರ್ತಾ ಇದ್ದೆ. ಅಡ್ಡದಾರಿ ಅಂತ..."

"ಗೊತ್ತು. ನಡೆಯೋಕಾಗುತ್ತಾ?"

ಅವನು ಗೋಡೆ ಹಿಡಿದು ಎದ್ದ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಸುಡದ ಅರ್ಧ ಮುಖ ತುಂಬ ಸಾಧಾರಣವಾಗಿತ್ತು, ಬಸ್ಸಿನಲ್ಲಿ ಪಕ್ಕ ಕೂತರೆ ಮರೆತುಹೋಗುವಂಥದ್ದು.

"ಲಾರಿ ದಾರಿಗೆ ಹೋಗ್ಬೇಡ, ಗಂಡಸರೆಲ್ಲ ಅಲ್ಲೇ ಇದಾರೆ. ತೊರೆಯ ಪಕ್ಕ ಕೆಳಗಿಳಿ. ಮಾರಿಯಮ್ಮನ ಕೋವಿಲಿನ ಹತ್ರ ಹಟ್ಟನ್ ಬಸ್ಸು ಸಿಗುತ್ತೆ. ಇದನ್ನ ಹೊದ್ಕೋ." ತಲೆಗೆ ಹಾಕಿದ್ದ ಪ್ಲಾಸ್ಟಿಕ್ ಹಾಳೆ ಕೊಟ್ಟಳು.

"ಅಕ್ಕಾ, ಬೆಳಿಗ್ಗೆ ಯಾರೋ ಒಬ್ಬರು ಕಿರುಚಿದ್ರು. ಅವರಿಗೆ ಹೇಳಿ, ನಾನು ಹೆದರಿಸೋಕೆ ಬಂದಿರ್ಲಿಲ್ಲ ಅಂತ."

"ಹೇಳ್ತೀನಿ. ಹೋಗು."

ಅವನು ಇಳಿಜಾರಿನಲ್ಲಿ ಮರೆಯಾದ ಮೇಲೆ ಅವಳು ಅಗುಳಿಯನ್ನು ಮತ್ತೆ ಮೊದಲಿನಂತೆ ಹಾಕಿದಳು. ವಾಪಸ್ಸು ಬಂದು ಕೂತಾಗ ಅವಳ ಒದ್ದೆಯಾದ ತಲೆಯನ್ನು ಪಾಟಿ ನೋಡಿದಳು. ಹರಿದ ಟವೆಲೊಂದನ್ನು ಅವಳತ್ತ ಎಸೆದಳು.

ಗಂಡಸರು ಬಂದಾಗ ಇನ್ನೂ ಬೆಳಕಿತ್ತು. ಕೈಯಲ್ಲಿ ಹಾರೆ, ದೊಣ್ಣೆ. ಯೋಗನ್ ಬೀಗ ತೆಗೆದ. ಒಳಗೆ ಮೂಟೆಗಳಷ್ಟೇ ಇದ್ದವು. ಒಬ್ಬ ಹಿಂಬಾಗಿಲಿಗೆ ಓಡಿ ನೋಡಿ ಬಂದು, "ಅಗುಳಿ ಹಾಕಿದ್ದು ಹಾಕಿದ್ಹಂಗೇ ಐತೆ!" ಎಂದ. ಹಾರೆಯೊಂದು ಕೆಳಗೆ ಬಿತ್ತು.

"ಹಂಗಾದ್ರೆ ನಿಜವಾಗ್ಲೂ ದೆವ್ವಾನೇ" ಎಂದ ಯೋಗನ್. ಮುಖ ಬಿಳಿಚಿತ್ತು. "ಯಾರೂ ಅದರ ಹಿಂದೆ ಹೋಗ್ಬೇಡ್ರೋ. ಮನೆಗೆ ನಡೀರಿ."

ಹೆಂಗಸರು ಒಟ್ಟಿಗೆ ಉಸಿರು ಬಿಟ್ಟರು. ಸ್ಟೆಲ್ಲಾ ಯಾರಿಗೂ ಕಾಣದಂತೆ ಶಿಲುಬೆಯ ಗುರುತು ಮಾಡಿಕೊಂಡು, "ಹೋದ್ರೆ ಹೋಗ್ಲಿ, ಒಳ್ಳೇದೇ ಆಯ್ತು" ಎಂದು ಗೊಣಗಿದಳು. ಹೊಡೆಯಬೇಕಿಲ್ಲವಲ್ಲ ಎಂಬ ನಿರಾಳ ಗಂಡಸರ ನಡಿಗೆಯಲ್ಲೂ ಕಾಣುತ್ತಿತ್ತು.

"ನೀನೇ ಅಲ್ವಾ ಮೊದಲು ನೋಡಿದ್ದು? ಹೆದರ್ಕೋಬೇಡ, ನಾನಿದ್ದೀನಿ" ಎಂದು ಯೋಗನ್ ಅವಳ ಬುಟ್ಟಿ ಎತ್ತಿಕೊಂಡ.

ತವಮಣಿ ತಲೆಯಾಡಿಸಿ ಅವನ ಹಿಂದೆ ನಡೆದಳು. ಇವತ್ತು ರಾತ್ರಿ ಅದು ದೆವ್ವವಾಗಿಯೇ ಇರಲಿ. ದೆವ್ವವನ್ನು ಹುಡುಕಿಕೊಂಡು ಯಾರೂ ಹಟ್ಟನ್‌ಗೆ ಹೋಗುವುದಿಲ್ಲ, ಅಷ್ಟರಲ್ಲಿ ಅವನು ಮನೆ ಸೇರುತ್ತಾನೆ. ನಾಳೆ ಬೆಳಿಗ್ಗೆ ಹಾಜರಿ ಕೂಗುವಾಗ, ಕಂಗಾಣಿ ತನ್ನ ಹೆಸರು ಹೇಳಿದ ಕೂಡಲೇ, ಇಡೀ ತೋಟದ ಎದುರಿಗೆ ಒಂದು ಹೆಜ್ಜೆ ಮುಂದೆ ಬಂದು ಹೇಳಬೇಕು: ನಾನು ಕಿರುಚಿದ್ದು ತಪ್ಪು, ಅವನು ಮನುಷ್ಯ, ಬಾಗಿಲು ತೆಗೆದದ್ದು ನಾನೇ.

"ಏನು ಯೋಚನೆ?" ಎಂದ ಯೋಗನ್.

"ರೊಟ್ಟಿಗೆ ತೆಂಗಿನಕಾಯಿ ಇದೆಯೋ ಇಲ್ವೋ ಅಂತ" ಎಂದಳು ತವಮಣಿ.