ಗಾಲಿ ಸಡಿಲವೆಂದು ಗೊತ್ತಿದ್ದವನು

ನಿಮ್ಮೂರಿನಂಥದೇ ಒಂದು ಊರು. ಅಲ್ಲೊಬ್ಬ ಶ್ರೀಮಂತ ಇದ್ದ. ಅವನ ಹತ್ತಿರ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಕಟ್ಟುವ ಸಣ್ಣ ಟ್ರೇಲರ್. ಒಂದು ದಿನ ಆ ಟ್ರೇಲರ್‌ನ ಎಡಗಾಲಿ ಕಟಕಟ ಅನ್ನತೊಡಗಿತು. ಶ್ರೀಮಂತ ದಡ್ಡನಲ್ಲ. ನೋಡಿ, ಇದನ್ನು ಮರೆಯಬೇಡಿ, ಅವನು ದಡ್ಡನಲ್ಲವೇ ಅಲ್ಲ. ಭಾರ ಹೊತ್ತು ನಿಂತ ಗಾಲಿ ಗಟ್ಟಿಯಾಗಿಯೇ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೇರು ಇಳಿಸಿದ, ಜಾಕ್ ಕೊಟ್ಟು ಗಾಲಿ ಎತ್ತಿದ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಗಾಲಿ ಓಲಾಡಿತು. ಗಾಲಿಯ ನಡುವಿನ ಹಬ್ ಲೂಸಾಗಿದೆ ಅಂದ. ಸರಿಯಾಗಿಯೇ ಹೇಳಿದ.

ರಿಪೇರಿ ಏನು ಮಹಾ? ಮುಚ್ಚಳ ತೆಗೆದು, ಬೇರಿಂಗ್ ಸವೆದಿದೆಯೇ ನೋಡಿ, ಗ್ರೀಸ್ ತುಂಬಿ, ನಡುವಿನ ನಟ್ ಬಿಗಿ ಮಾಡಬೇಕು. ಗಾಲಿ ಸಲೀಸಾಗಿ ತಿರುಗುವಷ್ಟು ಮತ್ತೆ ತುಸು ಸಡಿಲಿಸಿ, ನಟ್ ಬಿಚ್ಚಿಕೊಳ್ಳದಂತೆ ಹೊಸ ಪಿನ್ ಹಾಕಬೇಕು. ಒಂದು ಮುಂಜಾನೆಯ ಕೆಲಸ. ಅದೂ ಅವನಿಗೆ ಗೊತ್ತಿತ್ತು. ನೆರೆಯವರನ್ನು ಕರೆದು ವಿವರಿಸಿದ. ಬೀಗರು ಬಂದಾಗ ಚಹಾ ಕುಡಿಸಿ, ಮತ್ತೆ ಗಾಲಿ ಎತ್ತಿ, ಅವರ ಕೈಯಿಂದಲೂ ಅಲ್ಲಾಡಿಸಿ ತೋರಿಸಿದ. ಎಲ್ಲರೂ ಭಲೆ ಅಂದರು. ಅವನು ಜಾಕ್ ಇಳಿಸಿದ. ಪ್ರತಿ ಸಲವೂ ತೋರಿಸಿದ, ಪ್ರತಿ ಸಲವೂ ಜಾಕ್ ಇಳಿಸಿದ.

ಹೆಂಡತಿ ಒಂದು ದಿನ ಕೇಳಿಯೇಬಿಟ್ಟಳು: "ಲೂಸ್ ಐತಿ ಅಂತ ಊರಿಗೆಲ್ಲಾ ಹೇಳ್ತೀರಲ್ರೀ, ಬಿಗಿ ಯಾಕ ಮಾಡವಲ್ರಿ?"

"ಮಾಡಿದ್ರಾತು ತಗೊ. ನನಗ ಗೊತ್ತಿಲ್ಲೇನು?" ಅಂದ.

ಬಸುರಿ ಮಗಳ ಕುಬಸ, ಅಂದರೆ ಸೀಮಂತ ಬಂತು. ಹೋಳಿಗೆಯ ಬುಟ್ಟಿ, ಹಸಿರು ಸೀರೆ, ಬಳೆ ಹಿಡಿದು ಹೆಂಡತಿ ಬೀಗರ ಊರಿಗೆ ಹೋಗಲು ಓಣಿಯ ಹೆಂಗಸರ ಜೊತೆ ಟ್ರೇಲರ್ ಹತ್ತಿದಳು. ಗಂಡನೇ ಟ್ರ್ಯಾಕ್ಟರ್ ಓಡಿಸಿದ. ದಾರಿಯುದ್ದಕ್ಕೂ ಆ ಕಟಕಟ ಸದ್ದು ಅವನ ಕಿವಿಗೆ ಬೀಳುತ್ತಲೇ ಇತ್ತು. ಕಾಲುವೆಯ ತಿರುವಿನಲ್ಲಿ ಗಾಲಿ ಕಳಚಿತು, ಟ್ರೇಲರ್ ಮಗುಚಿತು. ಉಳಿದವರು ಕೈಕಾಲು ಮುರಿದುಕೊಂಡು ಬದುಕಿದರು. ಅವನ ಹೆಂಡತಿ ಟ್ರೇಲರ್‌ನ ಕೆಳಗೆ ಸಿಕ್ಕಿ ಸತ್ತಳು.

ಸಾವಿನ ಮನೆಗೆ ಮಾತಾಡಿಸಲು ಬಂದವರಿಗೆ ಅವನು ಏನು ಹೇಳುತ್ತಿದ್ದ ಗೊತ್ತೇ? ಪಿನ್ ತುಂಡಾಯಿತು, ನಟ್ ಬಿಚ್ಚಿಕೊಂಡಿತು, ಹಬ್ ಹೊರಗೆ ಬಂತು. ಒಂದು ಮಾತೂ ತಪ್ಪಿಲ್ಲ! ಬಂದವರೂ ಹೌದೌದು ಅಂದರು. ಗೋಡೆಗೊರಗಿ ಕುಳಿತ ಬಸುರಿ ಮಗಳು ಎಲ್ಲವನ್ನೂ ಕೇಳಿಸಿಕೊಂಡಳು.

"ಅಪ್ಪಾ, ನಿನಗ ಮೊದಲ ಗೊತ್ತಿತ್ತಾ?"

ಅಷ್ಟು ಬಲ್ಲವನು ಎದ್ದು ಹಿತ್ತಲಿಗೆ ಹೋದ. ಮಗಳು ಬಾಣಂತನಕ್ಕೂ ಆ ಮನೆಗೆ ಬರಲಿಲ್ಲ.

ಈಗ ಯಾಕೆ ನಿಟ್ಟುಸಿರು ಬಿಡುತ್ತೀರಿ? ಅವನನ್ನು ಬೈಯುತ್ತಿದ್ದೀರಾ? ಕುಡಿತ ಮನೆ ಮುರಿಯುತ್ತದೆ ಅಂತ ಕುಡಿಯುವವನಿಗೆ ಗೊತ್ತಿಲ್ಲವೇ? ಸೊಸೆಯ ಕಣ್ಣೀರು ಅತ್ತೆಗೆ ಕಾಣುವುದಿಲ್ಲವೇ? ಎಲ್ಲ ಗೊತ್ತು ನಿಮಗೆ. ವರ್ಷ ವರ್ಷ ಈ ಮಠಕ್ಕೆ ಬಂದು ಕೂರುತ್ತೀರಿ, ನಾನು ಪ್ರವಚನದಲ್ಲಿ ನಿಮ್ಮ ಗಾಲಿ ಎತ್ತಿ ಅಲ್ಲಾಡಿಸುತ್ತೇನೆ, ಹೌದು ಬುದ್ಧಿ, ಸಡಿಲವಾಗಿದೆ ಅನ್ನುತ್ತೀರಿ. ಪ್ರಸಾದ ಉಂಡು, ಜಾಕ್ ಇಳಿಸಿ, ಹೋಗುತ್ತೀರಿ. ನಿಜ ಹೇಳಲೇ? ನನಗೆ ಆಸೆ ಬತ್ತಿಹೋಗಿದೆ. ಇವತ್ತೂ ನೀವು ಹಾಗೆಯೇ ಹೋಗುತ್ತೀರಿ ಅಂತ ಹೊಟ್ಟೆ ಉರಿಯುತ್ತಿದೆ.

ಆದರೂ ಹೇಳುತ್ತೇನೆ. ಪ್ರವಚನ ಚೆನ್ನಾಗಿತ್ತು ಅಂತ ಯಾರೂ ನನ್ನ ಕಾಲಿಗೆ ಬೀಳಬೇಡಿ. ಕುಡಿಯುವವನು ಇವತ್ತು ಆ ಅಂಗಡಿಯ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗಲಿ. ಅತ್ತೆ ಸೊಸೆಗೆ ಬಡಿಸಿ ಆಮೇಲೆ ಉಣ್ಣಲಿ. ತಮ್ಮನ ಜೊತೆ ಮಾತು ಬಿಟ್ಟವನು ಈಗಲೇ ಎದ್ದು ಅವನ ಮನೆಗೆ ಹೋಗಲಿ, ಪ್ರಸಾದಕ್ಕೂ ಕಾಯುವುದು ಬೇಡ. ತಮ್ಮ ಇನ್ನೂ ಬದುಕಿದ್ದಾನೆ.