ಪಟ್ಟಿಯೊಳಗಿನ ಖಣ

ಅಲ್ಲ ಜಹೀರ, ಚೀಲಾ ತೊಗೊಳ್ಳಿಕ್ಕೆ ಬಂದ ಗಿರಾಕಿನ್ನ ಯಾರರ ಹಿಂಗ ನೋಡ್ತಾರೇನೊ? ಕೂಡು ಅಂತನೂ ಅನಲಿಲ್ಲ. ಆತು, ನಾನ ಕೂತೆ. ಈ ಸ್ಟೂಲಿನ ಕಾಲು ಇನ್ನೂ ಕುಂಟ್ತದ ನೋಡು... ಸಾಲ್ಯಾಗ ನಾವಿಬ್ರೂ ಕೂಡ್ತಿದ್ದ ಬೆಂಚೂ ಹಿಂಗ ಕುಂಟ್ತಿತ್ತು. ನೆನಪದನೊ? ಈಗ ನಾ ಅದ ಸಾಲ್ಯಾಗ ಶ್ರೀನಿವಾಸ ಮಾಸ್ತರ, ನೀ ಬದಾಮ್ಯಾಗ ಚೀಲಾ ಹೊಲಿಯೋ ದೊಡ್ಡ ಕಾರೀಗರ! ನಗು ಮಾರಾಯಾ. ಹಂಗ ಮಶೀನಿನ ಗಾಲಿ ಹಿಡಕೊಂಡು ಕೂಡಬ್ಯಾಡ.

ಹೂಂ, ಆ ಹಸರ ಚೀಲಾ ಇಳಸು. ಅದಲ್ಲ, ಅದರ ಹಿಂದಿಂದು. ದಿನಾಪೂರ್ತಿ ಹೊತ್ತು ನಡೀಬೇಕು ನಾ. ಬರೋ ರವಿವಾರದಿಂದ ನಮ್ಮ ಗುಡ್ಡದ ತಿರುಗಾಟ ಮತ್ತ ಚಾಲೂ. ನಸಿಕಿನ್ಯಾಗ ಊರು ಬಿಟ್ರ ಗುಡ್ಡದ ಮ್ಯಾಲಿಂದ ಮಹಾಕೂಟ, ಅಲ್ಲಿಂದ ಪಟ್ಟದಕಲ್ಲು, ಸಂಜೀ ಬಸ್ಸಿಗೆ ವಾಪಸ್. ಎರಡು ಬಾಟ್ಲಿ ನೀರು, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನಾಕು ಸವತಿಕಾಯಿ, ಅವನ್ನ ಹೆಚ್ಚಲಿಕ್ಕೆ ಚಾಕು, ಒಂದು ಟವೆಲು... ಇಷ್ಟ ಸಾಮಾನು. ಬೆನ್ನು ಬೆವರಬಾರದು, ಹೆಗಲು ಕೊರೀಬಾರದು, ನಡಕ್ಕ ಒಂದು ಪಟ್ಟಿ ಇರಬೇಕು, ಭಾರ ಎಲ್ಲಾ ಹೆಗಲಿಗೇ ಬೀಳಬಾರದು. ನೀರಿನ ಬಾಟ್ಲಿ ಬಾಜೂಕ ಸಿಗಬೇಕು. ಮತ್ತ ನಾಕೈದು ವರ್ಷ ಬಾಳಿಕಿ ಬರಬೇಕು. ಇಷ್ಟೂ ಮಾಸ್ತರನ ಪಗಾರದಾಗ! ಈಗರ ನಗ್ತೀಯೊ ಇಲ್ಲೊ?

ಮೊಬೈಲಿನ್ಯಾಗ ನೋಡೇನಿ ತೊಗೊ. ಛಲೋದು ಇದ್ದದ್ದಕ್ಕ ರೇಟು ಕೇಳಿದ್ರ ಎದಿ ಒಡೀತದ. ಅಗ್ಗದ್ದು... ನಮ್ಮ ಡ್ರಿಲ್ ಮಾಸ್ತರ ಅಮರೇಶ ತರಿಸಿದ್ದ. ಮೂರನೇ ರವಿವಾರಕ್ಕ ಅದರ ಜಿಪ್ಪು ಬಾಯಿ ತಗದದ್ದು ಮುಚ್ಚಲೇ ಇಲ್ಲ! ಅವನ ಚುರಮುರಿ ಎಲ್ಲಾ ಗುಡ್ಡದ ತುಂಬ. ಅದಕ್ಕ ಅಂದೆ, ಜಹೀರನ ಕಡೆನ ಹೋಗೋಣ. ನಿಮ್ಮವ್ವ ಖೈರುನಬಿ ಗುಳೇದಗುಡ್ಡದಾಗ ಮಗ್ಗದ ಮುಂದ ಕೂಡಿಸ್ಕೊಂಡು ಕಲಿಸಿದ ಕೈ ಅದು. ದಾರ ಎಳದು ನೋಡದ ನೀ ಹೊಲಿಗಿ ಹಾಕಂಗಿಲ್ಲ.

ಏನು? ಯಾಕ ಹಂಗ ತಲಿ ತಗ್ಗಿಸಿದಿ?

ಗೊತ್ತದ ಬಿಡು. ಗೊತ್ತದ ನನಗ. ಚೀಲಾ ಎಲ್ಲಾ ಹಂಗ ತೂಗಾಡ್ಲಿಕ್ಕತ್ತಾವ. ಮದಲ ಇಲ್ಲೆ ನಿಂದರಲಿಕ್ಕೆ ಜಾಗಾ ಇರತಿದ್ದಿಲ್ಲ. ಕೆರೂರಿನ ಸಾಲಿಯವರು ಮಕ್ಕಳ ಚೀಲದ ಆರ್ಡರು ವಾಪಸ್ ತೊಗೊಂಡ್ರಂತ... ಮಂದಿ ಬಾಯಿ ಜಹೀರ, ಮಂದಿ ಬಾಯಿ! 'ಜಹೀರನ ಚೀಲದ ಪಟ್ಟಿ ಹರದು ಪೋಸ್ಟಿನ ಜಯಂತ ಗುಡ್ಡದಿಂದ ಬಿದ್ದ' ಅಂತ. ನಾ ಒಬ್ಬನರ ಮುಂದ ನಿನ್ನ ಬೈದದ್ದು ಕೇಳೀಯೇನು? ಇಲ್ಲ. ಒಂದು ಮಾತು ಬೈದಿಲ್ಲ. ಏನಾತು ಅಂತ ಕೇಳಿದ್ರು. ಹೇಳಿದೆ. ಇಷ್ಟ.

ಅದಕ್ಕ ನೋಡು, ನಾ ಏನು ವಿಚಾರ ಮಾಡೇನಿ ಅಂದ್ರ... ರವಿವಾರ ನಿನ್ನ ಚೀಲಾನ ಬೆನ್ನಿಗೆ ಹಾಕ್ಕೊಂಡು ಪೇಟಿ ನಡುವಿಂದ ಹೋಗ್ತೇನಿ. ಬೇಕಂತನ. ಎಲ್ಲಾರೂ ನೋಡ್ಲಿ. ಅವತ್ತು ಜಯಂತನ ಸಂಗಡ ಇದ್ದ ಮಾಸ್ತರನ ಮತ್ತ ಜಹೀರನ ಕಡೆ ಚೀಲಾ ತೊಗೊಂಡಾನ ಅಂದ್ರ ಮಂದಿ ತಾವಾಗೇ ಬರ್ತಾರ. ಒಂದು ತಿಂಗಳದಾಗ ಎಲ್ಲಾ ಮದಲಿನಂಗ! ಹೌದಿಲ್ಲೊ?

ಹೌದಿಲ್ಲೊ ಅಂದೆ.

ಏ, ಎಲ್ಲಿ ಹೊಂಟಿ? ಟೇಬಲ್ಲಿನ ಕೆಳಗ ಏನು ಹುಡುಕ್ತೀ? ಈ ಹಸರದ ಛಲೋ ಅದ, ಇದನ್ನ...

ಅದು... ಅದು ಎಲ್ಲಿಂದ ಬಂತು?

ಜಯಂತನ ಚೀಲಾ ಅಲ್ಲೇನದು? ನಿನ್ನ ಕಡೆ ಹೆಂಗ ಬಂತು? ಪದ್ಮಜಾ ಕೊಟ್ಟಳೇನು? ಗಂಡ ಹಾಸಿಗಿ ಹಿಡದಾಗ ಅದನ್ನ ನೋಡ್ಲಿಕ್ಕೆ ಆಗಂಗಿಲ್ಲಂತ ಅಟ್ಟದ ಮ್ಯಾಲೆ ಒಗದಿದ್ದಳಲ್ಲ... ನೀ ಹೋಗಿ ಕೇಳಿದಿ? ನೀನ ಹೋಗಿದ್ದಿ ಅವರ ಮನಿಗೆ? ಯಾವಾಗ? ಮಾತಾಡೊ!

ಒಳಗ ಇಡು ಅದನ್ನ. ರಕ್ತದ ಕಲಿ ಇನ್ನೂ ಹಂಗ ಅದ. ಇಡು ಅಂದೆ.

ನೋಡು ಜಹೀರ, ನಿನ್ನ ತಪ್ಪು ಅಂತ ಯಾರೂ... ಬಟ್ಟಿ ಅಂದ ಮ್ಯಾಲೆ ಹರೀತದ. ನನ್ನ ಕೈಯಾಗ ಇತ್ತು ಪಟ್ಟಿ. ಅವ ಮುಂದ, ನಾ ಹಿಂದ. ಅಮರೇಶ, ಉಳದವರೆಲ್ಲಾ ದೂರ ಹೋಗಿದ್ರು. ಕಲ್ಲಿನ ಅಂಚು, ಮ್ಯಾಲೆ ಸಣ್ಣ ಹರಳು. ಜಯಂತನ ಕಾಲು ಜಾರ್ತು. ನಾ ಹಿಡದೆ! ಎರಡೂ ಕೈಲೆ ಈ ಪಟ್ಟಿ ಹಿಡದೆ. ಪಟ್ಟಿ ಹರೀತು, ಅವ ಬಿದ್ದ. ಜಯಂತನ್ನ ಕೇಳು ಬೇಕಾದ್ರ. ತೊಡ್ಯಾಗ ರಾಡು ಹಾಕಿಸ್ಕೊಂಡು ಮೂರು ತಿಂಗಳಾತು ಮಲಗ್ಯಾನ, ಬಂದವರಿಗೆಲ್ಲಾ ಒಂದ ಮಾತು ಹೇಳ್ತಾನ... 'ಪಟ್ಟಿ ಹರೀತು, ಇಲ್ಲಾಂದ್ರ ನಮ್ಮ ಸೀನ್ಯಾ ನನ್ನ ಬಿಡ್ತಿದ್ನೇನು' ಅಂತ. ದವಾಖಾನ್ಯಾಗ ನನ್ನ ಕೈ ಹಿಡಕೊಂಡು ಅಂದಾನ! ಅವನ ಬಾಯಿಲೆ ಬಂದದ್ದದು, ನನ್ನ ಬಾಯಿಲೆ ಅಲ್ಲ.

ಏನು ತೋರಸ್ತೀ? ಹೊಲಿಗಿ? ಹೂಂ, ಚೌಕ, ಚೌಕದಾಗ ಕತ್ರಿಯಂಗ ಅಡ್ಡಡ್ಡ ಹೊಲಿಗಿ... ಒಂದೂ ಬಿಚ್ಚಿಲ್ಲ, ಒಪ್ಪಿದೆ. ಹೊಲಿಗಿ ಬಿಟ್ಟಿಲ್ಲ, ಪಟ್ಟಿನ ಹರದದ. ಹೊಲಿಗಿಗಿಂತ ಒಂದು ಬೆರಳು ಕೆಳಗ. ಅದರಾಗೇನು?

ಅದೇನು ಕೆಂಪಂದು ಒಳಗ? ತಗಿ, ನೋಡೋಣ.

ಖಣ? ಗುಳೇದಗುಡ್ಡದ ಕುಬಸದ ಖಣ! ಪಟ್ಟಿ ಒಳಗ ಯಾಕಿಟ್ಟೀ ಇದನ್ನ? ಹೊರಗ ಕಾಣೂದೇ ಇಲ್ಲಲ್ಲೊ... ಅವ್ವನ ಮಗ್ಗದ್ದೇನು? ಉಳದ ತುಂಡು ಮಡಚಿ ಇಡ್ತೀಯೇನು ಎಲ್ಲಾ ಚೀಲಕ್ಕೂ... ಹೊತ್ತವನ ಹೆಗಲಿಗೆ ಮೆತ್ತಗ ಇರ್ಲಿ ಅಂತ?

ನನಗ ಗೊತ್ತಿರಲಿಲ್ಲ. ಖರೇನ ಗೊತ್ತಿರಲಿಲ್ಲ.

ಬೆರಳು ಅಲ್ಲೇ ಯಾಕ ಆಡಸ್ತೀ? ನೋಡಿದೆ. ಕಣ್ಣು ಕಾಣ್ತಾವ ನನಗ. ಮ್ಯಾಲಿನ ಪಟ್ಟಿ, ನಡುವ ಖಣ, ಕೆಳಗಿನ ಪಟ್ಟಿ... ಮೂರೂ ಒಂದ ಗೆರಿ. ನಾ ಸಾಲ್ಯಾಗ ಕರೇ ಫಳಿ ಮ್ಯಾಲೆ ಫೂಟಪಟ್ಟಿ ಇಟ್ಟು ಗೆರಿ ಹೊಡದಂಗ. ಒಂದು ಎಳಿ ಜೋತು ಬಿದ್ದಿಲ್ಲ. ಅದಕ್ಕೇನೀಗ? ಚೂಪು ಕಲ್ಲು ತಾಗಿರಬೇಕು. ನಮ್ಮ ಗುಡ್ಡದ ಕಲ್ಲು ನಿನಗ ಗೊತ್ತಿಲ್ಲೇನು? ಕೆಲವು ಕಡೆ ಬ್ಲೇಡಿನಂಗ... ಬ್ಲೇಡಿನಂಗ ಇರ್ತಾವ.

ಹಂಗ ನೋಡಬ್ಯಾಡ ನನ್ನ.

ಏನದು? ಈ ಇನ್ನೊಂದು ಪಟ್ಟಿ ಯಾಕ ಕೈಯಾಗ ಕೊಡ್ತೀ? ಜಗ್ಗಬೇಕೇನು? ಆತು, ನೀ ಆ ಕಡೆ ಹಿಡಿ, ಜಗ್ಗತೇನಿ... ತೊಗೊ. ಇನ್ನೂ ಜೋರಲೆ? ತೊಗೊ! ಎಲ್ಲಿ ಹರೀತದ ಇದು, ಅವತ್ತೂ ಹಿಂಗ ಗಟ್ಟಿ...

...

ಏನಂದೆ ನಾ? ಏನೂ ಅಂದಿಲ್ಲ. ಬಿಡು, ಕೈ ಉರೀಲಿಕ್ಕತ್ತಾವ. ನೀರು ಅದನೇನು? ಸ್ವಲ್ಪ ನೀರು ಕೊಡು.

ಒಂದು ಮಾತಾಡೊ ಜಹೀರ. ಬೈ. ಎದ್ದು ಒಂದು ಹೊಡಿ ಬೇಕಾದ್ರ. ಹಿಂಗ ಸುಮ್ಮ ಕೂಡಬ್ಯಾಡ... ಮೂರು ತಿಂಗಳು ಊರೆಲ್ಲಾ ನಿನ್ನ ಬಗ್ಗೆ ಆಡ್ಕೊಂಡಾಗನೂ ನೀ ಹಿಂಗ ಸುಮ್ಮ ಕೂತಿದ್ಯೇನು?

ಹರೀಲಿಲ್ಲೊ.

ಪಟ್ಟಿ ಹರೀಲಿಲ್ಲ. ಅವ ಜೋತು ಬಿದ್ದಿದ್ದ, ಅಷ್ಟು ದೊಡ್ಡ ಆಳು, ನಿನ್ನ ಪಟ್ಟಿ ಚರ್ರ್ ಅನಲಿಲ್ಲ. ನನ್ನ ಕಾಲ ಕೆಳಗಿನ ಹರಳು ಸರೀಲಿಕ್ಕತ್ತು. ಇನ್ನೊಂದು ಗಳಿಗಿ ಹಿಡದಿದ್ರ ನಾನೂ ಹೋಗ್ತಿದ್ದೆ... ಹೋಗ್ತಿದ್ನೊ ಇಲ್ಲೊ, ಯಾವನಿಗೆ ಗೊತ್ತು! ನನ್ನ ಕೈ ಬಿಚ್ಚಿತು. ತಾನ ಬಿಚ್ಚಿತು ಅಂತ ಎಷ್ಟು ಸಲ ಹೇಳ್ಕೊಂಡೇನಿ. ತಾನ ಬಿಚ್ಚಲಿಲ್ಲ ಜಹೀರ. ನಾ ಬಿಟ್ಟೆ. ಅಂಜಿ ಬಿಟ್ಟೆ.

ಕೆಳಗ ಇಳದು ಹೋದಾಗ ಅವನಿಗೆ ಎಚ್ಚರ ಇರಲಿಲ್ಲ. ಮ್ಯಾಲಿಂದ ಅಮರೇಶ ಕೂಗಲಿಕ್ಕತ್ತಿದ್ದ, 'ಏನಾತ್ರಿ ಸರ, ಏನಾತ್ರಿ' ಅಂತ. ಏನು ಹೇಳಲಿ? ನನ್ನ ಕೈಗೆ ಆ ಸವತಿಕಾಯಿ ಚಾಕು ಬಂತು... ಕಣ್ಣ ಮುಂದ ಗೆಳೆಯ ರಕ್ತದಾಗ ಬಿದ್ದಾನ, ಅವನ ನಾಡಿ ನೋಡೂದು ಬಿಟ್ಟು ನಾ ನಿನ್ನ ಪಟ್ಟಿ ಕೊಯ್ಯಲಿಕ್ಕತ್ತಿದ್ದೆ! ಲಗೂ ಹರೀಲಿಲ್ಲ ಅದು. ಯಾಕಷ್ಟು ದಪ್ಪ ಅದ ಅಂತ ಅವತ್ತು ತಿಳೀಲಿಲ್ಲ. ನಿಮ್ಮವ್ವನ ಖಣಾನೂ ಕೊಯ್ದೆ.

ನೀ ಅಷ್ಟು ದಿನಾ ಏನು ವಿಚಾರ ಮಾಡಿದ್ಯೊ? 'ನನ್ನ ಕೈಯಾಗ ಎಲ್ಲಿ ತಪ್ಪಾತು' ಅಂತ ನೋಡ್ಲಿಕ್ಕೆ ತರಿಸಿದ್ಯೇನು ಈ ಚೀಲಾ? ನಿನ್ನ ಹೊಲಿಗಿ ಮ್ಯಾಲೆ ನೀನ ಸಂಶಯ ಮಾಡಿದಿ, ಹೌದಲ್ಲೊ... ರಾತ್ರಿ ನಿದ್ದಿ ಬಿಟ್ಟು... ನಿನ್ನಿಂದ ಒಬ್ಬ ಮನಷ್ಯಾ ಹಾಸಿಗಿ ಹಿಡದ ಅಂತ...

ಹೌದಂತ ತಲಿ ಹಾಕ್ಲಿಕ್ಕತ್ತೀ. ಅಯ್ಯೋ ಜಹೀರ. ಅದೊಂದು ನಾ ವಿಚಾರನ ಮಾಡಿದ್ದಿಲ್ಲ.

ಪೇಟ್ಯಾಗ ನಿನ್ನ ಚೀಲಾ ಹಾಕ್ಕೊಂಡು ಮೆರೀಲಿಕ್ಕೆ ಬಂದಿದ್ದೆ ನೋಡು ನಾ! ಉಪಕಾರ ಮಾಡ್ಲಿಕ್ಕೆ!

ಏ, ಏನು ಮಾಡ್ತೀ? ದಾರ ಯಾಕ ಪೋಣಸ್ಲಿಕ್ಕತ್ತೀ? ಅದನ್ನ ಹೊಲೀತೀಯೇನು? ಬ್ಯಾಡ. ಖರೇನ ಬ್ಯಾಡ. ಸೂಜಿ ಇಳಸಬ್ಯಾಡ ಅದಕ್ಕ. ಹಂಗ ಕೊಡು ಇಲ್ಲೆ. ಜಯಂತ ಮುಟ್ಟಿ ನೋಡ್ಲಿ, ಮೂರೂ ಪದರ. ಪದ್ಮಜಾನೂ ನೋಡ್ಲಿ. ಆಮ್ಯಾಲೆ ಊರು ನೋಡ್ಲಿ, ಕೆರೂರಿನ ಸಾಲಿಯವರು ನೋಡ್ಲಿ, ಅಮರೇಶ ನೋಡ್ಲಿ.

ನೀನೂ ಬರ್ತೀಯೇನು ನನ್ನ ಸಂಗಡ? ಇಲ್ಲೇ ಎರಡು ಓಣಿ ದಾಟಿದ್ರ ಅವನ ಮನಿ... ನೀ ಬಾಗಿಲದಾಗ ನಿಂತ್ರೂ ಸಾಕು...

ಏಳಂಗಿಲ್ಲ ನೀ.

ಹೂಂ. ಖರೆ ಅದ. ಅವತ್ತೂ ಅಲ್ಲೆ ನಾನೂ ಜಯಂತನೂ ಇಬ್ರ ಇದ್ದಿವಿ.

ಹಸರ ಚೀಲಾ ಮ್ಯಾಲೆ ಹಾಕು. ಇದನ್ನ ಕೊಡು. ಹೆಗಲಿಗೆ ಹಾಕ್ಕೊಳ್ಳಿಕ್ಕೆ ಬರಂಗಿಲ್ಲ ಇದು... ಕೈಯಾಗ ಹಿಡಕೊಂಡು ಹೋಗ್ತೇನಿ.