ಹಾಯಿದೋಣಿಯ ಕೊಳೆತ ಹಲಗೆ

ಮಾರ್ವೆ ಜೆಟ್ಟಿಯಲ್ಲಿ ಮನೋರಿಗೆ ಹೋಗುವ ಫೆರಿಗೆ ಕಾಯುತ್ತಿದ್ದ ಶೀಲಾವತಿಯ ಕಿವಿಗೆ, ಸಾಲಿನಲ್ಲಿ ಮುಂದಿದ್ದ ಇಬ್ಬರ ಕನ್ನಡ ಬಿತ್ತು. ಹಿರಿಯನ ಮುಖ ಕಹಿ ತಿಂದಂತಿತ್ತು.

“ಆ ಹಳೇ ಹಾಯಿದೋಣಿಗೆ ಎರಡು ವರ್ಷ ಜೀವ ತೇದಿದ್ದೇನೆ ರೋಶನ್. ನಿನ್ನೆ ಬಣ್ಣ ಕೆರೆದು ನೋಡಿದರೆ ತಳದ ಹಲಗೆ ಕೊಳೆತು ನಾರ್ತಾ ಉಂಟು!”

“ಒಂದೇ ಹಲಗೆ ಅಲ್ವಾ ಭಾವ? ಕೊಳೆತ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದೆ.”

“ಹೊಸದು ಹಾಕಿದೆ ಅಂತ ನನ್ನ ಹತ್ರ ಹೇಳಿದ್ದು ಯಾರು?”

“ಬರುವ ಭಾನುವಾರ ನೀರಿಗೆ ಇಳಿಸ್ಬೇಕಿತ್ತಲ್ಲ, ಹೊಸದು ಹಾಕ್ಲಿಕ್ಕೆ ಸಮಯ ಇರಲಿಲ್ಲ. ಯಾರಿಗೂ ಕಾಣ್ತಿರಲಿಲ್ಲ.”

“ನಡುನೀರಲ್ಲಿ ಬಾಯಿ ಬಿಟ್ಟಾಗ ಕಾಣ್ತಿತ್ತು. ಮೊದಲು ಅದರಲ್ಲಿ ಕೂರ್ಬೇಕಿದ್ದದ್ದು ಯಾರು, ಹೇಳು?”

“ಶ್ರೇಯಾ.”

“ನಿನ್ನ ಅಕ್ಕನ ಮಗಳು. ಈಜು ಬಾರದ ಮಗು. ಥೂ!”

ರೋಶನ್ ತಲೆ ತಗ್ಗಿಸಿದ.

“ತಪ್ಪಾಯ್ತು ಭಾವ. ಇವತ್ತೇ ಕಿತ್ತು ಬೇರೆ ಹಾಕುವ, ನಾನೂ ಬರ್ತೇನೆ.”

“ಬೇಡ. ನಾನೊಬ್ಬನೇ ಮಾಡ್ತೇನೆ. ನೀನು ಮುಟ್ಟಿದ್ದನ್ನೆಲ್ಲ ಬಿಚ್ಚಿ ನೋಡ್ಬೇಕು.”

ಫೆರಿ ಬಂತು. ಹಿರಿಯ ತಿರುಗಿಯೂ ನೋಡದೆ ಹತ್ತಿದ. ಸಾಲಿನಿಂದ ಸರಿದು ದಾರಿ ಬಿಟ್ಟ ರೋಶನ್‌ಗೆ ತಾಗದಂತೆ ತನ್ನ ಸೆರಗನ್ನೂ ಎಳೆದುಕೊಂಡು, ಶೀಲಾವತಿ ಅವನನ್ನು ದಾಟಿ ಹೋದಳು.